ಅರವತ್ತು ಸ್ಟಾಪುಗಳ ಹಗಲು

"ಬರಲಿ, ಬರಲಿ, ಬರಲಿ... ಎಡಕ್ಕೆ ಒಂಚೂರು ತಿರುಗಿಸಿ... ಸಾಕು! ಸಾಕು ಅಂದೆನಲ್ಲಪ್ಪಾ!"

ಡ್ರೈವರು ಹಿಮ್ಮುಖವಾಗಿ ಬರುತ್ತಿದ್ದ ಶವದ ವ್ಯಾನಿನ ಬೆನ್ನಿಗೆ ಅಂಗೈಯಿಂದ ಎರಡು ಸಲ ಬಡಿದರು. ವ್ಯಾನು ಓಣಿಯ ಎರಡೂ ಗೋಡೆಗಳಿಗೆ ಗೇಣುದ್ದ ಜಾಗ ಬಿಟ್ಟು ನಿಂತಿತು. ಅವರು ಕೆಲಸದಿಂದ ನಿವೃತ್ತರಾಗಿ ಹದಿಮೂರು ವರ್ಷವಾಗಿತ್ತು. ಆದರೂ ಊರಿನವರಿಗೆ ಅವರು ಇನ್ನೂ ಡ್ರೈವರೇ. ಮೂವತ್ತೊಂದು ವರ್ಷ ಹದಿನಾಲ್ಕನೇ ನಂಬರಿನ ಸಿಟಿ ಬಸ್ಸನ್ನು ಓಡಿಸಿದವರು. ಬಸ್ ನಿಲ್ದಾಣದಿಂದ ಗಿರಣಿಯ ಗೇಟಿನವರೆಗೆ ಒಂಬತ್ತು ಕಿಲೋಮೀಟರು, ಹತ್ತೊಂಬತ್ತು ಸ್ಟಾಪು. ಊರಿನ ಬಸ್ಸುಗಳಿಗೆಲ್ಲ ಹೊರಡುವ ಹೊತ್ತು, ಸೇರುವ ಹೊತ್ತು ಬರೆಯುತ್ತಿದ್ದ ಡಿಪೋದ ಟೈಮ್‌ಕೀಪರು ಈಗ ಒಳಗಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಹನ್ನೊಂದಕ್ಕೆ ಎತ್ತಬೇಕು. ಈಗ ಒಂಬತ್ತೂವರೆ.

"ಟೈಮ್‌ಕೀಪರ ಮನೆ ಇದೇನಾ?"

ಹೆಗಲಿಗೆ ಚೀಲ ನೇತುಹಾಕಿಕೊಂಡ ಮುದುಕನೊಬ್ಬ ವ್ಯಾನಿನ ಪಕ್ಕದಲ್ಲಿ ಮೈ ಹಿಡಿ ಮಾಡಿ ನುಸುಳಿಕೊಂಡು ಬಂದ. ಬಟ್ಟೆಗೆಲ್ಲ ಬಸ್ಸಿನ ಧೂಳು.

"ಇದೇ. ತಾವು ಯಾರು?"

"ನಾನು ರೈಲ್ವೆ ಗೇಟಿನವನು. ಆರನೇ ಸ್ಟಾಪು."

ಡ್ರೈವರಿಗೆ ಅರ್ಥವಾಗಲಿಲ್ಲ. ಆರನೇ ಸ್ಟಾಪು ಎಂದರೆ ಅವರಿಗೆ ಆಸ್ಪತ್ರೆ ವೃತ್ತ. ಅಲ್ಲಿ ರೈಲ್ವೆ ಗೇಟಿಲ್ಲ. "ಒಳಗೆ ಹೋಗಿ. ನಾನು ಇಲ್ಲಿ ವ್ಯಾನು ನೋಡಿಕೊಂಡು ಬರ್ತೀನಿ. ಡ್ರೈವರು ನಾನು" ಎಂದರು.

ಮುದುಕ ಹೆಜ್ಜೆ ಎತ್ತಿದವನು ಹಾಗೇ ನಿಂತ. ಚೀಲವನ್ನು ನೆಲಕ್ಕಿಳಿಸಿ, ಎರಡೂ ಕೈಯಿಂದ ಡ್ರೈವರ ಬಲಗೈ ಹಿಡಿದುಕೊಂಡ.

"ನೀವೇನಾ? ನೀವೇನಾ ಡ್ರೈವರಣ್ಣ? ಹದಿನೆಂಟು ವರ್ಷದಿಂದ ನಿಮ್ಮ ದಾರಿ ಕಾಯ್ತಾ ಇದೀನಿ ಸ್ವಾಮಿ."

ಆ ಕೈಗಳು ಗರಗಸದ ಹಾಗೆ ಒರಟಾಗಿದ್ದವು. ಅಷ್ಟರಲ್ಲಿ ಟೈಮ್‌ಕೀಪರ ಮಗಳು ಬಾಗಿಲಿಗೆ ಬಂದು, "ಚಿಕ್ಕಪ್ಪ, ಅಮ್ಮ ಕರೀತಿದಾಳೆ" ಎಂದಳು. ರಕ್ತಸಂಬಂಧವಿಲ್ಲದಿದ್ದರೂ ಡ್ರೈವರಿಗೆ ಟೈಮ್‌ಕೀಪರು ಅಣ್ಣ, ಅವರ ಹೆಂಡತಿ ಅತ್ತಿಗೆ.

ಕೋಣೆ ಚಿಕ್ಕದು. ಮಂಚದ ತಲೆಯ ಕಡೆಯ ಗೋಡೆಗೆ ದೇಶದ ಭೂಪಟ. ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿನವರೆಗೆ, ಗುಂಡುಸೂಜಿಗಳ ಮೇಲೆ ಹಾಯಿಸಿದ ಕೆಂಪು ದಾರ. ಟೈಮ್‌ಕೀಪರ ಎಡಗಣ್ಣು ಚಿಕ್ಕಂದಿನಿಂದಲೂ ಮಂಜು. ಬದುಕಿರುವಾಗ ಅದು ಪೂರ್ತಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಈಗ ಎರಡೂ ಕಣ್ಣು ಒಂದೇ ಸಮ ಮುಚ್ಚಿದ್ದವು.

"ಡಿಪೋದಲ್ಲಿ ಇವರಿಗೆ ನಿಮಿಷಪ್ಪ ಅಂತಲೇ ಹೆಸರು" ಎನ್ನುತ್ತಿದ್ದರು ಹಳೆಯ ಕಂಡಕ್ಟರೊಬ್ಬರು, ಮೂಗು ಒರೆಸಿಕೊಳ್ಳುತ್ತ. "ನನ್ನ ಮದುವೆಗೂ ನಾಲ್ಕು ನಿಮಿಷ ಲೇಟಾಗಿ ಬಂದೆ ಅಂತ ಬೈದಿದ್ರು. ಮದುವೆ ನನ್ನದು, ಬೈಗುಳ ಅವರದು."

ಅಳುತ್ತಿದ್ದವರೂ ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. ಗಂಡನ ಕಾಲ ಬಳಿ ಕೂತು, ಉಸಿರಿಗೆ ತೆಗೆದುಕೊಳ್ಳುವ ಪಂಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಡ್ರೈವರನ್ನು ಕಂಡೊಡನೆ ಭೂಪಟದ ಕಡೆ ತೋರಿಸಿದರು.

"ನೋಡಿ ಡ್ರೈವರೇ, ದಾರ ಹಾಗೇ ಉಳೀತು. ಹಾಳು ಉಬ್ಬಸ ನನಗೆ ಅವತ್ತೇ ಬರಬೇಕಾಗಿತ್ತಾ? ನಾನೊಬ್ಬಳು ಗಟ್ಟಿಯಾಗಿ ಇದ್ದಿದ್ರೆ ನೀವಿಬ್ಬರೂ ಹೋಗಿ ಬಂದಿರ್ತಿದ್ರಿ. ಒಂದೇ ಒಂದು ಆಸೆ ಕಣ್ರೀ ಅವರಿಗೆ ಇದ್ದದ್ದು. ಅದಕ್ಕೆ ನಾನು ಅಡ್ಡ ಬಂದೆ."

ಹದಿನೆಂಟು ವರ್ಷದಿಂದ ಈ ಹೆಂಗಸು ಹೀಗೇ ತಿಳಿದುಕೊಂಡಿದ್ದಾರೆ. ಅದು ನಿಜವಲ್ಲವೆಂದು ಗೊತ್ತಿರುವವರು ಇಬ್ಬರೇ ಎಂದು ಅವರು ನಂಬಿದ್ದರು. ಒಬ್ಬರು ತಾವು. ಇನ್ನೊಬ್ಬ ದೇವರು. ಮಣ್ಣಾಗುವುದರೊಳಗೆ, ಅಣ್ಣನ ಎದುರಿಗೇ ಇದನ್ನು ಹೇಳಿಬಿಡಬೇಕು ಎಂದುಕೊಂಡು ಬಂದಿದ್ದರು. ಬಾಯಿ ತೆರೆದರು. ಸುತ್ತ ಕೂತ ಇಪ್ಪತ್ತು ಮುಖಗಳನ್ನು ನೋಡಿದರು. ಬಾಯಿ ತಾನಾಗಿ ಮುಚ್ಚಿಕೊಂಡಿತು.

*

ಆ ಕೆಂಪು ದಾರದ ಕತೆ ಶುರುವಾದದ್ದು ಡಿಪೋದ ಟೈಮ್‌ಕೀಪರ ಗೂಡಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ. ಗೂಡೆಂದರೆ ಗೂಡೇ. ಒಂದು ಕುರ್ಚಿ, ಒಂದು ಕಿಟಕಿ, ಒಂದು ಗಡಿಯಾರ. ಕಣ್ಣಿನ ದೆಸೆಯಿಂದ ಟೈಮ್‌ಕೀಪರಿಗೆ ಲೈಸೆನ್ಸು ಸಿಕ್ಕಿರಲಿಲ್ಲ. ಐವತ್ತು ವರ್ಷವಾದರೂ ಊರು ಬಿಟ್ಟು ನೂರು ಕಿಲೋಮೀಟರು ಆಚೆ ಹೋದವರಲ್ಲ.

"ಏನಯ್ಯಾ, ಪೂರ್ವದ ಕಡಲಲ್ಲಿ ಸೂರ್ಯ ಮೇಲೆ ಬಂದ ಕೂಡಲೇ ಹೊರಟರೆ, ಪಶ್ಚಿಮದ ಕಡಲಲ್ಲಿ ಅವನು ಮುಳುಗೋದರೊಳಗೆ ಅಲ್ಲಿರಬಹುದಾ? ಒಂದೇ ಹಗಲು. ಒಂಬೈನೂರು ಕಿಲೋಮೀಟರು."

"ಯಾಕಣ್ಣ, ಅಲ್ಲಿ ಯಾರು ಕಾಯ್ತಿದಾರೆ?"

"ಯಾರೂ ಇಲ್ಲ. ದೇವರು ಒಂದು ಹಗಲಿಗೆ ಎಷ್ಟು ನೆಲ ಹಾಸಿದಾನೆ ಅಂತ ನೋಡಬೇಕು, ಅಷ್ಟೆ."

ಡ್ರೈವರು ನಕ್ಕುಬಿಟ್ಟರು. ಆದರೆ ಟೈಮ್‌ಕೀಪರು ಪಂಚಾಂಗ, ಭೂಪಟ, ಡಿಪೋದ ಹಳೆಯ ವೇಳಾಪಟ್ಟಿ ಎಲ್ಲ ಹರಡಿಕೊಂಡು ಕೂತರು. ಎಲ್ಲೆಲ್ಲಿ ಸಂತೆ, ಎಲ್ಲೆಲ್ಲಿ ಶಾಲೆ ಬಿಡುವ ಹೊತ್ತು, ಯಾವ ಘಾಟಿಯಲ್ಲಿ ಲಾರಿಗಳ ಸಾಲು. ಒಂದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗೂಡಿನಿಂದ ಓಡಿ ಬಂದು, ನಿಂತ ಬಸ್ಸಿನ ಕಿಟಕಿಗೆ ನೇತುಬಿದ್ದರು. ಅವರು ಓಡಿದ್ದನ್ನು ಡಿಪೋ ಅದೇ ಮೊದಲು ಕಂಡದ್ದು.

"ಕೇಳಿಲ್ಲಿ. ಅಲ್ಲಿ ಸೂರ್ಯ ಮುಳುಗೋದು ಇಲ್ಲಿಗಿಂತ ತಡವಾಗಿ. ಪೂರ್ವದಲ್ಲಿ ಹೊರಟು ಪಶ್ಚಿಮಕ್ಕೆ ಹೋಗೋನಿಗೆ ಹಗಲು ಮೂವತ್ತಮೂರು ನಿಮಿಷ ಉದ್ದ ಆಗುತ್ತೆ! ಕೂತವನಿಗೆ ಸಿಗಲ್ಲ, ಹೋಗೋನಿಗೆ ಮಾತ್ರ. ಮೂವತ್ತು ವರ್ಷ ನಿಮಿಷ ಬರೆದಿದೀನಿ ಕಣಯ್ಯಾ, ಯಾರೂ ನನಗೆ ಒಂದು ನಿಮಿಷ ಪುಕ್ಕಟೆ ಕೊಟ್ಟಿಲ್ಲ. ಆ ದೇವರು ಮೂವತ್ತಮೂರು ಇಟ್ಟುಕೊಂಡು ಕೂತಿದಾನೆ!"

ಹೇಳುವಾಗ ಅವರ ಮಂಜುಗಣ್ಣಿನಲ್ಲೂ ನೀರಾಡಿತ್ತು. ಡ್ರೈವರಿಗೆ ಆ ಕ್ಷಣದಲ್ಲಿ ಬೇಡವೆನ್ನಲು ಬಾಯಿ ಬರಲಿಲ್ಲ. "ಆಗಲಿ ಅಣ್ಣ, ನಾನು ಓಡಿಸ್ತೀನಿ" ಎಂದರು.

*

ಹತ್ತು ಗಂಟೆಯ ಹೊತ್ತಿಗೆ ಇನ್ನೊಬ್ಬ ಅಪರಿಚಿತಳು ಬಂದಳು. ದಪ್ಪ ಹೆಂಗಸು, ಐವತ್ತರ ಮೇಲೆ ವಯಸ್ಸು, ದೊಡ್ಡ ಗಂಟಲು. ಹೆದ್ದಾರಿಯ ಪಕ್ಕದಲ್ಲಿ ಊಟದ ಹೋಟೆಲು ನಡೆಸುವವಳಂತೆ. ಮಂಚದ ಮುಂದೆ ಕೈ ಮುಗಿದು ನಿಂತು, ತುಂಬಾ ಹೊತ್ತು ಆ ಮುಖ ನೋಡಿದಳು.

"ಇಷ್ಟು ಸಣ್ಣ ಮನುಷ್ಯನಾ? ಕಾಗದ ನೋಡಿ ಆರಡಿ ಆಳು ಅಂದ್ಕೊಂಡಿದ್ದೆ" ಎಂದಳು. ಆಮೇಲೆ ಅತ್ತಳು.

"ನೀವು ಇವರನ್ನ ಮುಂಚೆ ನೋಡಿರಲಿಲ್ವಾ?" ಎಂದಳು ಮಗಳು.

"ಎಲ್ಲಿ ನೋಡೋದಮ್ಮ? ಕಾಗದ, ಆಮೇಲೆ ಫೋನು. ನನ್ನ ಹೋಟೆಲ್ ಮುಂದೆ ರಸ್ತೆ ಹೇಗಿದೆ ಅಂತ ಕೇಳಿ ಬರೆದಿದ್ರು. ರಸ್ತೆ ಗುಂಡಿ ಬಿದ್ದಿದೆ ಅಂತ ಬರೆದೆ. ಮುಂದಿನ ಕಾಗದದಲ್ಲಿ ನನ್ನ ಮಂಡಿನೋವು ವಿಚಾರಿಸಿದ್ರು. ಗುಂಡಿ ಮುಚ್ಚಿದ್ರು, ಮಂಡಿ ಹಾಗೇ ಇದೆ, ಕಾಗದ ನಿಲ್ಲಲಿಲ್ಲ. ನಾನು ಇಪ್ಪತ್ತೆರಡು."

"ಇಪ್ಪತ್ತೆರಡು ಏನು?"

"ಸ್ಟಾಪು! ಈ ಅಜ್ಜ ಆರು, ನಾನು ಇಪ್ಪತ್ತೆರಡು. ನಿಮ್ಮೂರು ಹದಿನಾಲ್ಕು ಅಂತೆ. ಅರವತ್ತನೆಯವರು ಕಡಲ ದಂಡೆಯಲ್ಲಿ ದೀಪದ ಗೋಪುರ ನೋಡ್ಕೊಳ್ಳೋರು. ಅವರಿಗೆ ಅಷ್ಟು ದೂರದಿಂದ ಬರೋಕಾಗಲ್ಲ ಅಂತ ಫೋನಲ್ಲಿ ಅತ್ತರು."

ಮಗಳು ಬೀರು ತೆರೆದು ರಟ್ಟಿನ ಪೆಟ್ಟಿಗೆಯೊಂದನ್ನು ತಂದಿಟ್ಟಳು. ಅಪ್ಪ ತೀರಿಹೋದ ದಿನ ಅದರಲ್ಲಿದ್ದ ಪಟ್ಟಿ ನೋಡಿಕೊಂಡು, ಇವರು ಯಾರೋ ಬೇಕಾದವರಿರಬೇಕೆಂದು ಎಲ್ಲರಿಗೂ ಸುದ್ದಿ ಕಳಿಸಿದ್ದಳು. ಪಟ್ಟಿಯಲ್ಲಿ ಒಂದರಿಂದ ಅರವತ್ತು. ಬಲೆ ನೇಯುವವನು, ಪಂಕ್ಚರ್ ಹಾಕುವವನು, ಸೂಲಗಿತ್ತಿ, ದರ್ಜಿ, ನಿವೃತ್ತ ಮೇಷ್ಟ್ರು. ಮೂರು ಸಾಲು ಮಾತ್ರ ಖಾಲಿ. ಒಬ್ಬೊಬ್ಬರಿಗೂ ನಡುವೆ ಹದಿನೈದು ಹದಿನೈದು ಕಿಲೋಮೀಟರು.

ಡ್ರೈವರು ಬಗ್ಗಿ ಆ ದುಂಡಗಿನ ಅಕ್ಷರಗಳನ್ನು ನೋಡಿದರು.

"ನಿಮಗೆ ಅಲ್ಲಿ ಏನು ಮಾಡೋಕೆ ಹೇಳಿದ್ರು?" ಎಂದು ಮೆಲ್ಲಗೆ ಕೇಳಿದರು.

"ಏನೂ ಇಲ್ಲ. ಕಾರು ಬರೋ ದಿನ ತಿಳಿಸ್ತೀನಿ, ರಸ್ತೆ ಅಂಚಿಗೆ ಬಂದು ಕೈ ಎತ್ತಿ ನಿಲ್ಲಿ, ಅಷ್ಟೆ ಅಂದ್ರು. ನಿಲ್ಲಿಸಿ ಊಟ ಮಾಡ್ಕೊಂಡು ಹೋಗಿ ಅಂದೆ. ಊಟಕ್ಕೆ ಹನ್ನೊಂದು ನಿಮಿಷ ಇದೆ, ಅದು ಮೂವತ್ತನೇ ಸ್ಟಾಪಲ್ಲಿ ಅಂದ್ರು. ಅವತ್ತು ನನಗೆ ಸಿಟ್ಟು ಬಂದಿತ್ತು."

"ಯಾಕೆ ಕೈ ಎತ್ತಬೇಕು ಅಂತ ಹೇಳಲಿಲ್ವಾ?"

"ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಯಾರಾದ್ರೂ ಬರ್ತಾರೆ ಅಂದ್ರೆ ನಿಲ್ಲೋದೇ ಅಲ್ವಾ?"

ರೈಲ್ವೆ ಗೇಟಿನ ಮುದುಕ ಚೀಲಕ್ಕೆ ಕೈ ಹಾಕಿ, ಡ್ರೈವರ ಮುಖ ನೋಡಿ, ಕೈ ಹಿಂದಕ್ಕೆ ತೆಗೆದ. ಟೈಮ್‌ಕೀಪರ ಹೆಂಡತಿ ಪಟ್ಟಿಯನ್ನು ಸವರಿ, "ಅಂದ್ರೆ ಕೊನೇವರೆಗೂ ಬಿಟ್ಟಿರಲಿಲ್ಲ. ನನ್ನ ಉಸಿರು ಸುಧಾರಿಸಲಿ ಅಂತ ಕಾಯ್ತಾ ಇದ್ರು" ಎಂದರು.

*

ಹದಿನೆಂಟು ವರ್ಷದ ಹಿಂದಿನ ಆ ದಿನವೂ ಹೊತ್ತು ಹನ್ನೊಂದೇ. ಆ ಪ್ರಯಾಣಕ್ಕೆಂದೇ ಟೈಮ್‌ಕೀಪರು ಕೊಂಡಿದ್ದ ಹಳೆಯ ಕಾರು ಓಣಿಯ ಬಾಯಲ್ಲಿ ತೊಳೆದು ನಿಂತಿತ್ತು. ಸಂಜೆಗೆ ಪೂರ್ವದ ಕಡಲು ಸೇರಿ, ಅಲ್ಲೇ ಮಲಗಿ, ಮರುದಿನ ಸೂರ್ಯನ ಜೊತೆ ಹೊರಡುವುದು. ವರ್ಷದ ಅತಿ ಉದ್ದದ ಹಗಲು ಅದು.

ಅದಕ್ಕೆ ಒಂದು ವಾರ ಮುಂಚೆ ಡ್ರೈವರು ಯಾರಿಗೂ ಹೇಳದೆ ಆ ಕಾರನ್ನು ಗಿರಣಿಯ ಗೇಟು ದಾಟಿಸಿ ಹೆದ್ದಾರಿಗೆ ಒಯ್ದಿದ್ದರು. ರಸ್ತೆ ನೆಟ್ಟಗೆ ಬಿದ್ದುಕೊಂಡಿತ್ತು. ಮುಂದೆ ಸ್ಟಾಪಿಲ್ಲ, ಕಂಬವಿಲ್ಲ, ಕೈ ಎತ್ತಿ ನಿಂತ ಒಂದು ನರಪಿಳ್ಳೆಯಿಲ್ಲ. ಅಲ್ಲಿಯವರೆಗೆ ಇಪ್ಪತ್ತಾರು ವರ್ಷ ಅವರು ಬಸ್ಸು ಓಡಿಸಿದ್ದು ರಸ್ತೆ ನೋಡಿಕೊಂಡಲ್ಲ. ಮುಂದಿನ ಸ್ಟಾಪಿನಲ್ಲಿ ಕಾಯುವವರನ್ನು ನೋಡಿಕೊಂಡು. ಯಾರೂ ಕಾಯದ ಆ ಬಯಲಿನಲ್ಲಿ ಅವರ ಬಲಗಾಲು ನಡುಗತೊಡಗಿತು. ಬೆವರು ಕಣ್ಣಿಗಿಳಿಯಿತು. ಆರು ಕಿಲೋಮೀಟರಿಗೆ ಕಾರು ತಿರುಗಿಸಿಕೊಂಡು, ಮೆಲ್ಲಗೆ, ಕಳ್ಳನ ಹಾಗೆ ಊರಿಗೆ ಬಂದಿದ್ದರು.

ಹೊರಡುವ ಬೆಳಿಗ್ಗೆ ಅತ್ತಿಗೆಗೆ ಸ್ವಲ್ಪ ಉಬ್ಬಸ. ಹೆಚ್ಚೇನಲ್ಲ. ಬಾಗಿಲಲ್ಲಿ ನಿಂತು, "ಹೋಗಿ ಬನ್ನಿ, ನನಗೇನಾಗಲ್ಲ, ಪಕ್ಕದ ಮನೆಯವರಿದಾರೆ" ಎನ್ನುತ್ತಿದ್ದರು. ಡ್ರೈವರು ಕಾರಿನ ಕೀಲಿಯನ್ನು ಟೈಮ್‌ಕೀಪರ ಅಂಗೈಗೆ ಹಾಕಿದರು.

"ಬೇಡ ಅಣ್ಣ. ಅತ್ತಿಗೆಯನ್ನ ಈ ಸ್ಥಿತಿಯಲ್ಲಿ ಬಿಟ್ಟು ಹೋಗೋಕೆ ನನಗೆ ಮನಸ್ಸಿಲ್ಲ."

ಟೈಮ್‌ಕೀಪರು ಅವರ ಮುಖ ನೋಡಿದರು, ಆಮೇಲೆ ನಡುಗುತ್ತಿದ್ದ ಅವರ ಬಲಗಾಲು ನೋಡಿದರು. "ಸರಿ" ಎಂದರು. ಹಿಂದಿನ ಸೀಟಿನಿಂದ ನೀರಿನ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಒಳಗೆ ಒಯ್ದರು. ಆ ಮಾತನ್ನು ಮತ್ತೆಂದೂ ಎತ್ತಲಿಲ್ಲ.

*

ವ್ಯಾನಿನಲ್ಲಿ ಶವಪೆಟ್ಟಿಗೆಯ ಒಂದು ಪಕ್ಕಕ್ಕೆ ತಾಯಿ ಮಗಳು, ಇನ್ನೊಂದು ಪಕ್ಕಕ್ಕೆ ಡ್ರೈವರು. ಮಿಕ್ಕವರು ಹಿಂದೆ ನಡೆದು ಬರುತ್ತಿದ್ದರು. ಸ್ಮಶಾನಕ್ಕೆ ಹದಿನೈದು ನಿಮಿಷದ ದಾರಿ. ಡ್ರೈವರು ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟರು.

"ಅತ್ತಿಗೆ, ಅವತ್ತು ನಾವು ಹೋಗದೆ ಇದ್ದದ್ದು ನಿಮ್ಮಿಂದ ಅಲ್ಲ."

"ಈಗ ಸಮಾಧಾನ ಹೇಳಬೇಡಿ ಡ್ರೈವರೇ."

"ಸಮಾಧಾನ ಅಲ್ಲ. ನನಗೆ ಭಯ ಆಗಿತ್ತು. ಹೆದ್ದಾರಿ ಅಂದ್ರೆ ಭಯ. ಈಗಲೂ ಇದೆ. ಊರು ದಾಟಿದ್ರೆ ನನ್ನ ಕಾಲು ನಡುಗುತ್ತೆ. ಹೇಳೋಕೆ ನಾಚಿಕೆಯಾಗಿ ನಿಮ್ಮ ಉಬ್ಬಸದ ಹಿಂದೆ ಬಚ್ಚಿಟ್ಕೊಂಡೆ."

ಅತ್ತಿಗೆ ಅವರನ್ನೇ ನೋಡಿದರು. ವ್ಯಾನು ಒಂದು ಉಬ್ಬು ಹತ್ತಿಳಿಯಿತು. ಮೂವರ ಕೈಗಳೂ ಒಮ್ಮೆಲೇ ಪೆಟ್ಟಿಗೆಯನ್ನು ಹಿಡಿದವು.

"ಹದಿನೆಂಟು ವರ್ಷ" ಎಂದರು ಅತ್ತಿಗೆ. ದನಿ ಏರಲಿಲ್ಲ. "ಕೆಮ್ಮು ಬಂದಾಗಲೆಲ್ಲ ಸೆರಗು ಬಾಯಿಗೆ ತುರುಕಿಕೊಂಡೆ, ಅವರಿಗೆ ಕೇಳಿಸಬಾರದು ಅಂತ. ಪ್ರತಿ ವಾರ ನಮ್ಮನೆಗೆ ಬಂದು ನನ್ನ ಕೈಯಲ್ಲಿ ಚಹಾ ಕುಡೀತಿದ್ರಲ್ಲ. ಒಂದು ಸಲ ಬಾಯಿ ಬರಲಿಲ್ವಾ ನಿಮಗೆ?"

"ಬರಲಿಲ್ಲ."

"ಇಳೀರಿ."

"ಅಮ್ಮಾ!" ಎಂದಳು ಮಗಳು.

"ಇಳಿದು ನಡ್ಕೊಂಡು ಬರಲಿ. ಅವರ ಪಕ್ಕದಲ್ಲಿ ಈಗ ಇವರು ಕೂರೋದು ಬೇಡ."

ಡ್ರೈವರು ವ್ಯಾನಿನ ಗೋಡೆಗೆ ಎರಡು ಸಲ ಬಡಿದರು. ವ್ಯಾನು ನಿಂತಿತು. ಅವರು ಇಳಿದು, ಬಿಸಿಲಿನಲ್ಲಿ, ನಡೆದು ಬರುತ್ತಿದ್ದವರ ಜೊತೆ ಸೇರಿಕೊಂಡರು. ರೈಲ್ವೆ ಗೇಟಿನ ಮುದುಕ ಪಕ್ಕಕ್ಕೆ ಬಂದು ಹೆಜ್ಜೆ ಹಾಕಿದ.

ಕುಣಿಯ ಬಳಿ ಪ್ರಾರ್ಥನೆ ಮುಗಿಯಿತು. ಯಾರಾದರೂ ಎರಡು ಮಾತು ಹೇಳುವುದಿದ್ದರೆ ಹೇಳಬಹುದು ಎಂದರು ಪ್ರಾರ್ಥನೆ ನಡೆಸಿದವರು. ಮುದುಕ ಮುಂದೆ ಬಂದ.

"ನನಗೆ ಮಾತು ಬರಲ್ಲ. ಅವರದೇ ಮಾತು ಓದ್ತೀನಿ. ಇದು ನನಗೆ ಬಂದ ಮೊದಲನೇ ಕಾಗದ." ತಾರೀಖನ್ನೂ ಓದಿದ. ಅವರು ಹೊರಡದೆ ಉಳಿದ ದಿನದಿಂದ ಎಂಟನೇ ದಿನ ಅದು.

"'ಅಪರಿಚಿತರಾದ ಗೇಟಿನ ಯಜಮಾನರಿಗೆ ನಮಸ್ಕಾರ. ನನ್ನ ತಮ್ಮನಂಥ ಒಬ್ಬ ಡ್ರೈವರಿದ್ದಾನೆ. ಮುಂದೆ ಯಾರೋ ಕಾಯುತ್ತಿದ್ದಾರೆಂದು ತಿಳಿದರೆ ಅವನು ಗಾಡಿಯನ್ನು ಎಲ್ಲಿಗೆ ಬೇಕಾದರೂ ಒಯ್ಯುತ್ತಾನೆ. ಯಾರೂ ಇಲ್ಲದ ದಾರಿ ಮಾತ್ರ ಅವನಿಗೆ ಆಗದು. ಅದು ಅವನ ತಪ್ಪಲ್ಲ. ದಾರಿಯನ್ನು ಸರಿಯಾಗಿ ತಯಾರಿಸದೆ ಅವನನ್ನು ಹೊರಡಿಸಿದ್ದು ನನ್ನ ತಪ್ಪು. ಆದ್ದರಿಂದ ತಾವು ದಯಮಾಡಿ ಒಂದು ಹಗಲು, ಒಂದು ನಿಮಿಷ, ತಮ್ಮ ಗೇಟಿನ ಮುಂದೆ ಕೈ ಎತ್ತಿ ನಿಲ್ಲಲು ಸಾಧ್ಯವೇ? ಹೀಗೆ ಇನ್ನೂ ಐವತ್ತೊಂಬತ್ತು ಜನ ಬೇಕು. ಹುಡುಕುತ್ತೇನೆ. ಅವನಿಗೆ ಇದು ತಿಳಿಯಬಾರದು. ತಿಳಿದರೆ ನಾಚಿಕೊಳ್ಳುತ್ತಾನೆ.'"

ಡ್ರೈವರು ಕುಣಿಯೊಳಗಿನ ಆ ಚಿಕ್ಕ ಪೆಟ್ಟಿಗೆಯನ್ನು ನೋಡಿದರು. ಒಂದೂ ಕಡಲು ಕಾಣದ ಮನುಷ್ಯ. ಒಕ್ಕಣ್ಣು. ಕುರ್ಚಿಯಿಂದ ಏಳದೆ, ಒಬ್ಬನ ನಡುಗುವ ಕಾಲಿಗಾಗಿ, ಕಡಲಿಂದ ಕಡಲಿಗೆ ದೇಶದ ಉದ್ದಕ್ಕೂ ಜನರನ್ನು ನಿಲ್ಲಿಸುತ್ತ ಹೋಗಿದ್ದ. ಇಂಥದ್ದನ್ನು ದೇವರು ಮಾಡಿದನೆಂದು ಕೇಳಿದ್ದುಂಟು. ಪಕ್ಕದ ಓಣಿಯವನು ಮಾಡಿದ್ದನ್ನು ಡ್ರೈವರು ಕೇಳಿರಲಿಲ್ಲ. ಅವರು ಮಣ್ಣಿನ ಮೇಲೆ ಮಂಡಿಯೂರಿದರು.

ಅತ್ತಿಗೆ ಅವರ ಪಕ್ಕಕ್ಕೆ ಬಂದು ನಿಂತರು.

"ಅವರಿಗೆ ಗೊತ್ತಿತ್ತು" ಎಂದರು. "ನನಗೆ ಒಂದು ಮಾತು ಹೇಳಬಾರದಿತ್ತಾ?" ಆಮೇಲೆ ತಾವೇ ಹೇಳಿಕೊಂಡರು: "ನಾನು ಎಲ್ಲಿ ಕೇಳಿದೆ? ನನ್ನ ಮನಸ್ಸಲ್ಲಿ ಇದಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?"

ಮೊದಲ ಹಿಡಿ ಮಣ್ಣು ಅವರು ಹಾಕಿದರು. ಎರಡನೆಯದಕ್ಕೆ ಡ್ರೈವರ ಕೈಗೆ ಮಣ್ಣು ಕೊಟ್ಟವರೂ ಅವರೇ.

ನಾಲ್ಕೂವರೆಗೆ ಮನೆಯಲ್ಲಿ ಚಾಪೆ ಮಡಿಸುತ್ತಿದ್ದರು. ಮುದುಕ ಪೂರ್ವದ ಬಸ್ಸಿಗೆ ಆಗಲೇ ಹೋಗಿದ್ದ. ಹೋಟೆಲಿನವಳು ಪಶ್ಚಿಮದ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದಳು.

"ಬಸ್ಸು ಯಾಕೆ? ಅವರ ಹಳೇ ಕಾರು ಇನ್ನೂ ಓಡುತ್ತೆ, ಡ್ರೈವರಿದಾರೆ" ಎಂದರು ಅತ್ತಿಗೆ, ಯಾರ ಮುಖವನ್ನೂ ನೋಡದೆ. "ನೂರಿಪ್ಪತ್ತು ಕಿಲೋಮೀಟರಂತೆ. ನಾನೂ ಬರ್ತೀನಿ."

"ಅಮ್ಮ, ಇವತ್ತಾ?" ಎಂದಳು ಮಗಳು.

"ಇವತ್ತೇ. ನಿನ್ನ ಚಿಕ್ಕಪ್ಪ ನಾಳೆ ಅಂದ್ರೆ ಮತ್ತೆ ಹದಿನೆಂಟು ವರ್ಷ ಆಗುತ್ತೆ. ಅಷ್ಟು ಉಸಿರು ನನ್ನ ಹತ್ರ ಇಲ್ಲ."

ಡ್ರೈವರು ಕೀಲಿ ತೆಗೆದುಕೊಂಡರು. ಅತ್ತಿಗೆ ಮುಂದಿನ ಸೀಟಿನಲ್ಲಿ ಕೂತು ಪಂಪನ್ನು ಮಡಿಲಲ್ಲಿಟ್ಟುಕೊಂಡರು. ಹಿಂದಿನ ಸೀಟಿನಲ್ಲಿ ಹೋಟೆಲಿನವಳು ಪಟ್ಟಿಯನ್ನು ತೊಡೆಯ ಮೇಲಿಟ್ಟು, ಆಗಲೇ ಹದಿನೈದನೇ ಸ್ಟಾಪಿಗೆ ಫೋನು ಹಚ್ಚಿದ್ದಳು. "ಹೊರಟ್ವಿ ಕಣೋ! ಹೂಂ, ಅವರೇ ಓಡಿಸ್ತಿದಾರೆ! ಮುಂದಿನವರಿಗೂ ಹೇಳು, ಅವರು ಅವರ ಮುಂದಿನವರಿಗೆ ಹೇಳ್ಲಿ!"

ಆಸ್ಪತ್ರೆ ವೃತ್ತ, ಅಂಚೆ ಕಚೇರಿ, ಗಿರಣಿಯ ಗೇಟು. ಅಲ್ಲಿಗೆ ಹತ್ತೊಂಬತ್ತೂ ಮುಗಿದವು. ಮುಂದೆ ರಸ್ತೆ ನೆಟ್ಟಗೆ ಬಿದ್ದುಕೊಂಡಿತ್ತು. ಬಲಗಾಲು ನಡುಗತೊಡಗಿತು. ಡ್ರೈವರು ಅದನ್ನು ಮುಚ್ಚಿಡಲಿಲ್ಲ. ಅತ್ತಿಗೆ ನೋಡಿದರು. ನಾಲ್ಕು ಕಿಲೋಮೀಟರು. ಆರು. ಏಳು. ಸೂರ್ಯ ಎದುರಿಗೇ ಇಳಿಯುತ್ತಿದ್ದ. ಗಾಜಿನ ತುಂಬ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಆಮೇಲೆ ಆ ಬೆಳಕಿನ ನಡುವೆ, ರಸ್ತೆಯ ಅಂಚಿನಲ್ಲಿ, ಕಡ್ಡಿಯಷ್ಟು ಸಣ್ಣ ಮನುಷ್ಯನೊಬ್ಬ ಕಂಡ. ಹತ್ತಿರವಾದಂತೆ ಕುತ್ತಿಗೆಯಲ್ಲಿ ನೇತಾಡುವ ಅಳತೆಯ ಟೇಪು ಕಂಡಿತು. ಅವನ ನೆರಳು ರಸ್ತೆಯ ಉದ್ದಕ್ಕೂ ಕಾರಿನ ಕಡೆಗೇ ಚಾಚಿಕೊಂಡಿತ್ತು. ಎತ್ತಿದ ಕೈಯ ನೆರಳು ಎಲ್ಲಕ್ಕಿಂತ ಮುಂದೆ, ಬೆರಳುಗಳನ್ನು ಅಗಲಿಸಿ, ಅವರ ಮುಂದಿನ ಚಕ್ರವನ್ನು ಮುಟ್ಟಲು ಬಂದಿತು.